ಇಲ್ಲದ ಕುಂಬಳಕಾಯಿಗೆ ಒರಗಬಾರದು

ಹ್ಯಾಗರ್ಟಿ ಕ್ರಾಸಿಂಗ್ ಪುರಸಭೆಯ ಸ್ಥಿರ ಸ್ವತ್ತುಗಳಲ್ಲಿ ಒಂದಾದ, ಫೈಬರ್‌ಗ್ಲಾಸಿನಿಂದ ತಯಾರಿಸಿದ, ಆಳೆತ್ತರಕ್ಕೂ ಮಿಗಿಲಾದ ದೊಡ್ಡ ಕುಂಬಳಕಾಯಿಯು ಸೋಮವಾರ ಬೆಳಗ್ಗೆ ತನ್ನ ಕಟ್ಟೆಯ ಮೇಲೆ ಹಾಜರಿರಲಿಲ್ಲ. ಸ್ಥಿರ ಸ್ವತ್ತು ಎಂದರೆ ಇದ್ದ ಜಾಗ ಬಿಟ್ಟು ಕದಲದ ಸ್ವತ್ತು ಎಂದು ಪುರಸಭೆಯ ನಿಯಮಾವಳಿಯಲ್ಲೇ ಹೇಳಿರುವುದರಿಂದ, ಅದು ಕದಲಿರಬಹುದೆಂಬ ಸಂಗತಿಯನ್ನು ಬುಧವಾರದವರೆಗೆ ಯಾರೂ ಪರಿಗಣಿಸಲಿಲ್ಲ.

ಆ ಹೆದ್ದಾರಿಯಲ್ಲಿ ಊರು ಅನ್ನಿಸಿಕೊಳ್ಳಬೇಕಾದರೆ ಊರಬಾಗಿಲಲ್ಲಿ ಏನಾದರೊಂದು ದೊಡ್ಡದು ನಿಂತಿರಲೇಬೇಕು. ಮೇಲಿನ ಊರಿಗೆ ದೊಡ್ಡ ಕುರ್ಚಿ, ಕೆಳಗಿನ ಊರಿಗೆ ದೊಡ್ಡ ಈರುಳ್ಳಿ, ಹ್ಯಾಗರ್ಟಿ ಕ್ರಾಸಿಂಗಿಗೆ ದೊಡ್ಡ ಕುಂಬಳಕಾಯಿ. ಅದೂ ಆ ಸೀಮೆಯವರು ಪ್ರಾಣ ಬಿಡುವ ತಳಿ: ಸಿಪ್ಪೆ ಬೂದು, ತಿರುಳು ಅರಿಶಿನ. ನಾವು ಮಜ್ಜಿಗೆಹುಳಿಗೆ ಹಾಕುವ ಬೂದುಗುಂಬಳ ಅಂದುಕೊಂಡೀರಿ, ಅದಲ್ಲ. ಇದು ಬೇರೆ. ಮೈಗೆ ಬೂದು ಬಣ್ಣ ಬಳಿದಿದ್ದರಿಂದ ಪ್ರವಾಸಿಗರಲ್ಲಿ ಬಹುಪಾಲು ಜನ ಅದನ್ನು ಬಂಡೆ ಎಂದೇ ತಿಳಿದು, ಪಕ್ಕದ ಶೌಚಾಲಯಕ್ಕೆ ಹೋಗಿಬಂದು, ದೊಡ್ಡ ಈರುಳ್ಳಿ ನೋಡಲು ಮುಂದಕ್ಕೆ ಹೊರಟುಬಿಡುತ್ತಿದ್ದರು. ಊರಿನವರಿಗೆ ಇದರ ಬಗ್ಗೆ ಬೇಸರವೇನೂ ಇರಲಿಲ್ಲ. ಶೌಚಾಲಯವೂ ಊರಿನದೇ ತಾನೆ.

ಕುಂಬಳಕಾಯಿ ಇಲ್ಲದ್ದನ್ನು ಮೊದಲು ಕಂಡವಳು ಗ್ಲೆನಿಸ್ ಪ್ರಾಕ್ಟರ್. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಮಿಂಚುವ ಹಳದಿ ಮೇಲಂಗಿ, ಅಗಲ ಅಂಚಿನ ಟೋಪಿ, ಕೈಯಲ್ಲಿ 'ನಿಲ್ಲಿ' ಎಂದು ಬರೆದ ದುಂಡು ಫಲಕದ ಕೋಲು. ಆ ಕೋಲು ಎತ್ತಿದಳೆಂದರೆ ಮೇಯರನ ಕಾರಾದರೂ ನಿಲ್ಲಬೇಕು. ಅವಳು ಇಳಿಸುವ ಮುಂಚೆ ಕದಲಿದರೆ ದಂಡ. ಇಷ್ಟು ಅಧಿಕಾರ ಆ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅಲ್ಲಿಯವರೆಗೆ ಅವಳು ಅದನ್ನು ಮಕ್ಕಳಿಗಾಗಿ ಮಾತ್ರ ಬಳಸಿದ್ದಳು, ಅದು ಅವಳ ದೊಡ್ಡತನ.

ಕುಂಬಳಕಾಯಿಯನ್ನು ಮಾಡಿದವನು ಅವಳ ಗಂಡ ಡೆಸ್. ಹಿತ್ತಲ ಶೆಡ್ಡಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದಿಡೀ ಬೇಸಿಗೆ ಅಂಟು ಮೆತ್ತಿ, ಉಜ್ಜಿ, ಬೈದುಕೊಂಡು ಮಾಡಿದ್ದ. ಅವನು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಗ್ಲೆನಿಸ್ ದಿನಾ ಬೆಳಗ್ಗೆ ಕೋಲು ಊರಿ ನಿಂತು, ರಸ್ತೆಯಾಚೆಯ ಕುಂಬಳಕಾಯಿಯ ಕಡೆ ನೋಡಿ "ಬಂದೆ ಡೆಸ್" ಎನ್ನುತ್ತಿದ್ದಳು. ಕಟ್ಟೆಯ ಮೇಲೆ ಅವನ ಹೆಸರೊಂದು ಇರಲಿ ಎಂಬುದು ಅವಳ ಜೀವದಾಸೆ. ಡೆಸ್ ಬದುಕಿದ್ದಾಗ ಕೇಳಿದ್ದಕ್ಕೆ, ಬದುಕಿರುವವರ ಹೆಸರು ಹಾಕುವ ಪದ್ಧತಿ ಇಲ್ಲವೆಂದು ಪುರಸಭೆ ತಿಳಿಸಿತ್ತು. ಸತ್ತ ಮೇಲೆ ಕೇಳಿದ್ದಕ್ಕೆ, ಸಂಬಂಧಪಟ್ಟವರು ಖುದ್ದು ಹಾಜರಾಗಿ ಕೋರತಕ್ಕದ್ದು ಎಂದು ತಿಳಿಸಿತು.

ಎರಡು ದಿನ ಖಾಲಿ ಕಟ್ಟೆಗೇ 'ಬಂದೆ ಡೆಸ್' ಎಂದು ನೋಡಿ, ಬುಧವಾರ ಅವಳು ಮೇಲಂಗಿ ಸಮೇತ ಪುರಸಭೆಗೆ ನುಗ್ಗಿದಳು. ಮೇಯರ್ ನೋಯೆಲ್ ಬ್ರಾಡ್‌ಫೂಟ್ ಮೇಜಿನ ಹಿಂದೆ ಇದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ನೋಯೆಲ್, ಕುಂಬಳಕಾಯಿ ಇಲ್ಲ!"

"ಇಲ್ಲ ಅನ್ನಬೇಡ ಗ್ಲೆನ್. ಸದ್ಯಕ್ಕೆ ಗೋಚರಿಸ್ತಿಲ್ಲ ಅನ್ನು."

"ಯಾರೋ ಹೊತ್ಕೊಂಡು ಹೋಗಿದಾರೆ ಕಣೋ!"

"ಹಾಗಂದ್ರೆ ಪೊಲೀಸ್ ಬರ್ತಾರೆ. ಬಂದ್ರೆ ಬೀಗ ಹಾಕಿದ್ರಾ, ಕಾವಲಿತ್ತಾ ಅಂತ ಕೇಳ್ತಾರೆ. ನೀನೇ ಹೇಳು, ಕುಂಬಳಕಾಯಿಗೆ ಯಾರಾದ್ರೂ ಬೀಗ ಹಾಕ್ತಾರಾ?"

"ಹಾಗಾದ್ರೆ ಹುಡುಕೋರು ಯಾರು?"

ನೋಯೆಲ್ ಕಿಟಕಿಯ ಕಡೆ ನೋಡಿದ. ಕಿಟಕಿಯಾಚೆ ಖಾಲಿ ಕಟ್ಟೆ, ಕಟ್ಟೆಯ ಮೇಲೊಂದು ಕಾಗೆ. "ನೀನೇ ಹುಡುಕು. ನಿನಗೂ ಹೊತ್ತು ಹೋಗಲ್ಲ. ಸಿಗಲಿ, ಡೆಸ್ ಹೆಸರು ಕಟ್ಟೆ ಮೇಲೆ ಹಾಕಿಸ್ತೀನಿ. ಇದು ಮೇಯರ್ ಮಾತು."

ಈ ಮಾತನ್ನು ಅಂದೇ ಸಂಜೆ ನಿರ್ಣಯವಾಗಿ ಅಂಗೀಕರಿಸಲಾಯಿತು. ಶ್ರೀಮತಿ ಗ್ಲೆನಿಸ್ ಪ್ರಾಕ್ಟರ್ ಇವರನ್ನು ಪುರಸಭೆಯ ಗೌರವ ಪತ್ತೇದಾರಿಣಿಯನ್ನಾಗಿ ನೇಮಿಸಲಾಗಿದೆ. ಸದರಿಯವರು ಟೋಪಿಯನ್ನು ತಾವೇ ತರತಕ್ಕದ್ದು.

ಮಾರನೆಯ ದಿನದಿಂದ ವಿಚಾರಣೆ ಶುರು. ಸ್ಥಳ, ಶಾಲೆಯ ಮುಂದಿನ ದಾಟು. ಗ್ಲೆನಿಸ್ ಕೋಲು ಎತ್ತುವುದು, ವಾಹನ ನಿಲ್ಲುವುದು, ಅವಳು ಕಿಟಕಿಗೆ ಬಾಗಿ "ಆ ಶನಿವಾರ, ಭಾನುವಾರ ಎಲ್ಲಿದ್ದೆ?" ಎನ್ನುವುದು, ಉತ್ತರ ಹಿಡಿಸಿದರೆ ಕೋಲು ಇಳಿಸುವುದು. ವಾಹನಗಳ ಸಾಲು ಸಕ್ಕರೆ ಗಿರಣಿಯವರೆಗೆ ಬೆಳೆಯಿತು. ಪುರಸಭೆ ಇದನ್ನು ಗಮನಿಸಿ ಪ್ರಕಟಣೆ ಹೊರಡಿಸಿತು: "ವಿಚಾರಣೆಗೆ ಒಳಪಡಲಿರುವ ಸವಾರರು ಮನೆಯಿಂದ ಬೇಗನೆ ಹೊರಡತಕ್ಕದ್ದು. ಉತ್ತರಗಳನ್ನು ಮೊದಲೇ ಸಿದ್ಧಪಡಿಸಿಕೊಂಡಲ್ಲಿ ಸರತಿಯಲ್ಲಿ ಆದ್ಯತೆ ನೀಡಲಾಗುವುದು." ಜನ ಶಿಸ್ತಿನಿಂದ ಬೇಗ ಹೊರಟರು.

ಕುಂಬಳಕಾಯಿಯ ಸುಳಿವು ಸಿಗಲಿಲ್ಲ, ಉಳಿದದ್ದೆಲ್ಲ ಸಿಕ್ಕಿತು. ಹಲ್ಲಿನ ಡಾಕ್ಟರು ಪಕ್ಕದ ಮನೆಯ ನಿಂಬೆಹಣ್ಣನ್ನು ತಾವೇ ಕೀಳುತ್ತಿದ್ದುದಾಗಿ ಒಪ್ಪಿಕೊಂಡರು. ಪಾದ್ರಿಗಳು ಕ್ರಿಕೆಟ್ ಕ್ಲಬ್ಬಿನ ರೋಲರು ತಮ್ಮ ಹಿತ್ತಲಲ್ಲಿದೆ ಎಂದು ಹೇಳಿ ಹಗುರಾದರು. ಅಂಚೆ ಕಚೇರಿಯ ಹೆಂಗಸೊಬ್ಬಳು ತಾನು ಗಂಡನನ್ನು ಎಂದೂ ಪ್ರೀತಿಸಿರಲಿಲ್ಲವೆಂದಳು. ಗಂಡ ಪಕ್ಕದ ಸೀಟಿನಲ್ಲೇ ಇದ್ದ. ಗ್ಲೆನಿಸ್ ಎಲ್ಲರಿಗೂ "ಇದು ನನ್ನ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಮುಂದೆ ಹೋಗಿ" ಎನ್ನುತ್ತಿದ್ದಳು.

ಕೊನೆಗೆ ಬಂದವನು ಮರ್ವ್ ಟಕ್‌ವೆಲ್, ಪುರಸಭೆಯ ಕಾಮಗಾರಿ ಮೇಲ್ವಿಚಾರಕ. ಪುರಸಭೆಯ ಪಿಕಪ್ಪಿನಲ್ಲಿ ಕೂತು ಮಾಂಸ ತುಂಬಿ ಬೇಯಿಸಿದ ಪೈ ತಿನ್ನುತ್ತಿದ್ದ.

"ಏನ್ ಮರ್ವ್, ಆ ವಾರ ಕುಂಬಳಕಾಯಿ ವಿಷ್ಯದಲ್ಲಿ ಏನಾದ್ರೂ ವಿಶೇಷ?"

"ವಿಶೇಷ ಏನಿಲ್ಲ. ಶುಕ್ರವಾರ ಒಬ್ಳು ಫೋನ್ ಮಾಡಿದ್ಲು. ಕರಾವಳಿ ಕಡೆ ಬಣ್ಣದ ಶೆಡ್ಡಿನವಳು."

"ಏನಂದ್ಲು?"

"ನಿಮ್ಮೂರ ದೊಡ್ಡದನ್ನ ಬಣ್ಣಕ್ಕೆ ಒಯ್ಯೋದಾ ಅಂತ ಕೇಳಿದ್ಲು."

"ನೀನೇನಂದೆ?"

"ಹೂಂ, ಉಹೂಂ ಅಂದೆ."

ಆ ಸೀಮೆಯ ಮಾತು ತಿಳಿಯದವರಿಗೆ ಇಲ್ಲಿ ಗೊಂದಲವಾಗುತ್ತದೆ, ಅದು ಅವರ ಕರ್ಮ. ಅಲ್ಲಿ 'ಹೂಂ, ಉಹೂಂ' ಎಂದರೆ ಬೇಡ. 'ಉಹೂಂ, ಹೂಂ' ಎಂದರೆ ಬೇಕು. 'ಹೂಂ, ಉಹೂಂ, ಹೂಂ' ಎಂದರೆ ಏನಾದರೂ ಮಾಡಿಕೊ, ನನ್ನ ತಲೆ ತಿನ್ನಬೇಡ. ಹುಟ್ಟಿದ ಮಗುವಿಗೂ ಇದು ಗೊತ್ತು. ಆದ್ದರಿಂದ ಗ್ಲೆನಿಸ್‌ಗೆ ಗೊಂದಲವೇನೂ ಆಗಲಿಲ್ಲ.

"ಅಂದ್ರೆ ಬೇಡ ಅಂದಿದೀಯ."

"ಬೇಡ ಅಂತಾನೇ. ಆದ್ರೆ..." ಮರ್ವ್ ಬಾಯಲ್ಲಿದ್ದದ್ದನ್ನು ನುಂಗಿದ. "ಕೊನೇಲಿ ಇನ್ನೊಂದು ಹೂಂ ಸೇರ್ಕೊಂಡಿರ್ಬೇಕು."

"ಸೇರ್ಕೊಂಡಿರ್ಬೇಕು ಅಂದ್ರೆ? ಅದೇನು ಕರೀದೆ ಬರೋ ನೆಂಟನಾ, ತಾನಾಗೇ ಬಂದು ಸೇರ್ಕೊಳ್ಳೋಕೆ?"

"ಆಗ್ಲೂ ಪೈ ತಿಂತಿದ್ದೆ, ಬಿಸಿ ಇತ್ತು ಮಾರಾಯ್ತಿ! ಬಾಯಿ ಸುಟ್ಟೋಯ್ತು. ಆ ಹೂಂ ನಾನು ಅವಳಿಗೆ ಅಂದಿದ್ದಲ್ಲ, ಪೈಗೆ ಅಂದಿದ್ದು."

ಗ್ಲೆನಿಸ್ ಕೋಲು ಇಳಿಸಿದಳು. ಹಿಂದಿದ್ದ ಕುರಿ ಲಾರಿಯವನು ಕೈಮುಗಿದು ಮುಂದಕ್ಕೆ ಹೋದ.

ಇತ್ತ ಊರಿನಲ್ಲಿ ಬೇರೆಯೇ ನಡೆದಿತ್ತು. ಕುಂಬಳಕಾಯಿ ಕಾಣೆಯಾದ ಸುದ್ದಿ ರೇಡಿಯೋದಲ್ಲಿ ಬಂದದ್ದೇ ತಡ, ಅದು ಇಲ್ಲದ್ದನ್ನು ನೋಡಲು ಜನ ಬರತೊಡಗಿದರು. ಇದ್ದಾಗ ಬಂಡೆ ಎಂದು ಕತ್ತು ಹೊರಳಿಸದವರು, ಈಗ ಇಲ್ಲವೆಂದು ಕುಟುಂಬ ಸಮೇತ ಬಂದು, ಖಾಲಿ ಕಟ್ಟೆಯ ಸುತ್ತ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಪುರಸಭೆ ಕಟ್ಟೆಗೆ ಹಗ್ಗ ಕಟ್ಟಿಸಿ ಫಲಕ ಹಾಕಿಸಿತು: "ಇಲ್ಲದ ಕುಂಬಳಕಾಯಿಗೆ ಒರಗಬಾರದು. ಇಲ್ಲದ ಕುಂಬಳಕಾಯಿಯ ಮೇಲೆ ಮಕ್ಕಳನ್ನು ಹತ್ತಿಸಬಾರದು. ಉಲ್ಲಂಘಿಸಿ ಬಿದ್ದವರಿಗೆ ಪುರಸಭೆ ಹೊಣೆಯಲ್ಲ." ಇಬ್ಬರು ಒರಗಲು ಹೋಗಿ ಬಿದ್ದರು. ಫಲಕ ಸಕಾಲಿಕವಾಗಿತ್ತು ಎಂದು ಎಲ್ಲರೂ ಮೆಚ್ಚಿಕೊಂಡರು.

ಬೇಕರಿಯ ಥುಯ್, ಗ್ಲೆನಿಸ್‌ಗೆ ತಂಗಿಯಂತಿದ್ದವಳು, 'ಕಾಣೆಯಾದ ಕುಂಬಳಕಾಯಿ ಪೈ' ಎಂದು ಹೊಸದೊಂದನ್ನು ಮಾಡಿದಳು. ಮೇಲೆ ಗರಿಗರಿ ಹೊದಿಕೆ, ಒಳಗೆ ಏನೂ ಇಲ್ಲ. ಕಚ್ಚಿದವರು "ಒಳಗೇನೂ ಇಲ್ವಲ್ಲ" ಎಂದರೆ, "ಇನ್ನೂ ಸಿಕ್ಕಿಲ್ಲ" ಎನ್ನುತ್ತಿದ್ದಳು. ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಮುಚ್ಚುವ ಹಂತಕ್ಕೆ ಬಂದಿದ್ದ ಅಂಗಡಿ ಅದು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಥುಯ್. "ಹುಡುಕಿ. ಬೇಡ ಅನ್ನಲ್ಲ. ಆದ್ರೆ ಸಿಗೋ ಹಾಗೆ ಹುಡುಕಬೇಡಿ."

"ಡೆಸ್ ಹೆಸರಿನ ಪ್ರಶ್ನೆ ಥುಯ್."

"ಗೊತ್ತು ಅಕ್ಕಾ," ಎಂದು ಥುಯ್ ಅವಳಿಗೆ ದುಡ್ಡು ತೆಗೆದುಕೊಳ್ಳದೆ ಒಂದು ಖಾಲಿ ಪೈ ಕಟ್ಟಿಕೊಟ್ಟಳು.

ಶನಿವಾರ ಗ್ಲೆನಿಸ್ ಡೆಸ್‌ನ ಹಳೇ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸಿ, ಕೋಲನ್ನು ಪಕ್ಕದಲ್ಲಿಟ್ಟುಕೊಂಡು ಕರಾವಳಿಗೆ ಹೊರಟಳು. ಬಣ್ಣದ ಶೆಡ್ಡು ಸಿಕ್ಕಿತು. ಶೆಡ್ಡಿನ ನಡುವೆ ಕುಂಬಳಕಾಯಿಯೂ ಸಿಕ್ಕಿತು. ಅದರ ಬಣ್ಣ ಕಿತ್ತಳೆ. ಎಂಥ ಕಿತ್ತಳೆ ಅಂತೀರಿ, ಕಣ್ಣಿಗೆ ಹೊಡೆದ ಹಾಗೆ.

"ಇದೇನಮ್ಮ ಮಾಡಿಟ್ಟಿದೀರಿ!" ಎಂದು ಗ್ಲೆನಿಸ್ ಕೂಗಿದಳು.

ಶೆಡ್ಡನ್ನು ನೋಡಿಕೊಳ್ಳುತ್ತಿದ್ದ ಕ್ರಿಸ್ಟಲ್ ಎಂಬುವಳು ಗಾಬರಿಯಿಂದ ಬಂದಳು. "ನಮಗೆ ಬಣ್ಣ ಬಳಿಯೋಕೆ ಹೇಳಿದ್ದು ದೊಡ್ಡ ಈರುಳ್ಳಿಗೆ, ಆಂಟಿ. ಊರಿನ ಹೆಸರು ಸ್ವಲ್ಪ ಆಕಡೆ ಈಕಡೆ ಆಯ್ತು. ಹೋಗಿ ನೋಡಿದ್ರೆ ಇದಿತ್ತು. ಇದೂ ತರಕಾರಿನೇ ಅಲ್ವಾ ಅಂತ ತಂದ್ವಿ. ನಿಮ್ಮೋರು ಫೋನಲ್ಲಿ ಹೂಂ, ಉಹೂಂ, ಹೂಂ ಅಂದಿದ್ರಲ್ಲ."

"ಬೂದು ಬಣ್ಣ ಎಲ್ಲಿ?"

"ಅದು ಬಣ್ಣಾನಾ? ಪಾಪ, ಬಿಸಿಲಿಗೆ ಬಣ್ಣ ಹಾರಿಹೋಗಿದೆ ಅಂದ್ಕೊಂಡ್ವಿ."

ಕುಂಬಳಕಾಯಿಯ ಅಡಿಯಲ್ಲಿ ಮನುಷ್ಯ ತೂರುವಷ್ಟು ಒಂದು ಕಿಂಡಿ ಇದ್ದದ್ದು ಗ್ಲೆನಿಸ್‌ಗೆ ಗೊತ್ತಿತ್ತು. ಮಂಡಿಯೂರಿ, ಟೋಪಿ ತೆಗೆದಿಟ್ಟು, ಟಾರ್ಚು ಹಿಡಿದು ಒಳಗೆ ತೂರಿದಳು. ಒಳಗೆ ಯಾರೂ ಬಣ್ಣ ಬಳಿದಿರಲಿಲ್ಲ. ಡೆಸ್ ಮೆತ್ತಿದ ಅಂಟು ಹಾಗೇ ಇತ್ತು, ಅದರ ವಾಸನೆಯೂ ಅಷ್ಟಿಷ್ಟು ಇತ್ತು. ತೊಟ್ಟಿನ ಕೆಳಗೆ, ಅಂಟು ಒಣಗುವ ಮೊದಲು ಒತ್ತಿದ ಒಂದು ಎಡ ಅಂಗೈ. ಉಂಗುರದ ಬೆರಳು ಅರ್ಧ. ಡೆಸ್‌ನ ಆ ಬೆರಳು ಗರಗಸಕ್ಕೆ ಸಿಕ್ಕಿ ಹೋಗಿತ್ತು. ಉಂಗುರ ಹಾಕುವುದೆಲ್ಲಿ ಎಂದು ಮದುವೆಯ ದಿನ ಚರ್ಚಿನಲ್ಲಿ ದೊಡ್ಡ ರಾಮಾಯಣವಾಗಿತ್ತು. ಗ್ಲೆನಿಸ್ ಆ ಅಚ್ಚಿನಲ್ಲಿ ತನ್ನ ಕೈಯಿಟ್ಟಳು. ಅವಳಿಗೆ ಅವನು ಬೇಕು ಅನ್ನಿಸಿತು, ಆ ಕ್ಷಣವೇ, ಪಕ್ಕದಲ್ಲೇ ಬೇಕು ಅನ್ನಿಸಿತು. ಕುಂಬಳಕಾಯಿಯೊಳಗೆ ಕೂತು ದನಿ ತೆಗೆದು ಅತ್ತಳು. ಫೈಬರ್‌ಗ್ಲಾಸು ದನಿಯನ್ನು ದೊಡ್ಡದು ಮಾಡುವ ವಸ್ತುವಾದ್ದರಿಂದ ಇಡೀ ಶೆಡ್ಡಿಗೆ ಕೇಳಿಸಿತು. ಬಣ್ಣದವರು ತಕ್ಷಣ ಚಹಾ ವಿರಾಮ ತೆಗೆದುಕೊಂಡು ಗೌರವ ಸೂಚಿಸಿದರು.

ಪುರಸಭೆಯ ಸಹಿ ಇಲ್ಲದೆ ಕೊಡುವಂತಿಲ್ಲ ಎಂದು ಮೊದಲು ಅಂದ ಕ್ರಿಸ್ಟಲ್, ಅಳು ಕೇಳಿದ ಮೇಲೆ "ತಗೊಂಡ್ ಹೋಗಿ ಆಂಟಿ, ಇಲ್ಲಿ ಜಾಗಾನೂ ಇಲ್ಲ" ಎಂದು ತಾನೇ ಟ್ರೇಲರಿಗೆ ಹಗ್ಗ ಬಿಗಿದಳು.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಪ್ರವಾಸಿಗರು ಸುತ್ತುವರಿದರು. ಕಾಣೆಯಾದ ಕುಂಬಳಕಾಯಿ ನೋಡಲು ಹೊರಟಿದ್ದವರು.

"ಕಾಣೆಯಾಗಿದ್ದು ಇದೇ," ಎಂದಳು ಗ್ಲೆನಿಸ್.

ಅವರೆಲ್ಲ ನಕ್ಕರು. "ಅದು ಬೂದು ಬಣ್ಣದ್ದಂತೆ ಅಜ್ಜೀ. ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನಾವು ಹೋಗ್ಬೇಕು, ಜಾಗ ಸಿಗಲ್ಲ." ಇದಕ್ಕೆ ಒರಗಿ ನಿಂತು ಟೀ ಕುಡಿದು, ಅದು ಇಲ್ಲದ ಕಡೆಗೆ ಹೊರಟುಹೋದರು.

ಸೋಮವಾರ ಪುರಸಭೆ ವಿಶೇಷ ಸಭೆ ಸೇರಿತು. ಕುಂಬಳಕಾಯಿ ಅಂಗಳದಲ್ಲಿತ್ತು. ಸದಸ್ಯರೆಲ್ಲ ಕಿಟಕಿಯ ಪರದೆ ಎಳೆದು ಕೂತಿದ್ದರು.

"ನೋಯೆಲ್, ಸಿಕ್ತು," ಎಂದಳು ಗ್ಲೆನಿಸ್. "ಇನ್ನು ಹೆಸರು ಹಾಕಿಸು."

"ಗ್ಲೆನ್, ನಿಧಾನ. ಕಡತದಲ್ಲಿ ನಮ್ಮದು ಬೂದು. ನೀನು ತಂದಿರೋದು ಕಿತ್ತಳೆ."

"ಬಣ್ಣ ಬಳಿದಿದಾರೆ ಕಣೋ! ಮರ್ವ್ ಹೂಂ ಅಂದಿದ್ದಕ್ಕೆ!"

ಮರ್ವ್ ಎದ್ದು ನಿಂತು, ಸದರಿ ಹೂಂ ಪೈಗೆ ಸಂಬಂಧಿಸಿದ್ದು ಎಂದು ಹೇಳಿಕೆ ಕೊಟ್ಟು ಕೂತ. ಸಭೆ ಅದನ್ನು ದಾಖಲಿಸಿಕೊಂಡಿತು.

"ಒಳಗೆ ಡೆಸ್ ಕೈ ಇದೆ," ಎಂದಳು ಗ್ಲೆನಿಸ್. "ಅರ್ಧ ಬೆರಳಿನ ಕೈ. ಬಂದು ನೋಡಿ. ಅದಕ್ಕಿಂತ ಸಾಕ್ಷಿ ಬೇಕಾ?"

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಯೆಲ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಕೈ ಅಚ್ಚು ಸಿಕ್ಕಿದೆ ಅಂತೀಯ?"

"ಹೂಂ, ಸಿಕ್ಕಿದೆ!"

"ಡೆಸ್‌ದೇ ಅಂತ ಖಾತ್ರಿ ಇದೆಯಾ?"

"ನನ್ನ ಗಂಡನ ಕೈ ನನಗೆ ಗೊತ್ತಿಲ್ವಾ?"

"ಸಭಿಕರೇ," ಎಂದ ನೋಯೆಲ್, "ನಮ್ಮ ಪತ್ತೇದಾರಿಣಿಯವರು ಕಳ್ಳನ ಕೈ ಗುರುತನ್ನ ಪತ್ತೆ ಮಾಡಿದಾರೆ. ಚಪ್ಪಾಳೆ."

ಚಪ್ಪಾಳೆ ಬಿತ್ತು. ಗ್ಲೆನಿಸ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ಅವಳು ಸಭೆಗಳಲ್ಲಿ ಪಳಗಿದವಳಲ್ಲ.

"ಏಯ್! ಡೆಸ್ ಸತ್ತು ಎಷ್ಟು ಕಾಲ ಆಯ್ತೋ! ಸಮಾಧಿ ಹತ್ರ ನಿಂತು ನೀನೇ ಭಾಷಣ ಮಾಡ್ಲಿಲ್ವಾ?"

"ಮಾಡಿದ್ದೆ. ಒಳ್ಳೇ ಭಾಷಣ. ಆದ್ರೆ ಸತ್ತಿದ್ದ ಅಂದ ಮಾತ್ರಕ್ಕೆ ಆಗಲ್ಲ ಗ್ಲೆನ್. ಆ ಶನಿವಾರ, ಭಾನುವಾರ ಅವನು ಬೇರೆ ಕಡೆ ಇದ್ದದ್ದನ್ನ ಕಣ್ಣಾರೆ ಕಂಡವರು ಯಾರಾದ್ರೂ ಇದಾರಾ?"

ಯಾರೂ ಕಂಡಿರಲಿಲ್ಲ.

"ನೋಡು," ಎಂದು ನೋಯೆಲ್ ದನಿ ತಗ್ಗಿಸಿದ. "ಕಳ್ಳ ಅಂತ ಒಬ್ಬ ಬೇಕು. ಜನ ಕೇಳ್ತಿದಾರೆ. ಬದುಕಿರೋರನ್ನ ಅಂದ್ರೆ ಕೋರ್ಟಿಗೆ ಹೋಗ್ತಾರೆ. ಡೆಸ್ ಒಳ್ಳೆಯವನು, ತಪ್ಪು ತಿಳ್ಕೊಳ್ಳಲ್ಲ."

ಸಭೆಯ ನಿರ್ಣಯ ಹೀಗಿತ್ತು: ಅಂಗಳದಲ್ಲಿರುವ ಕುಂಬಳಕಾಯಿ ನಮ್ಮದಲ್ಲ, ಆದರೆ ಅದರೊಳಗಿನ ಕೈ ನಮ್ಮ ಕಳ್ಳನದು. ಕಳ್ಳನ ಮರಣವು ತಾಂತ್ರಿಕ ವ್ಯತ್ಯಾಸವಾದ್ದರಿಂದ ಅದನ್ನು ಮನ್ನಿಸಲಾಗಿದೆ. ಖಾಲಿ ಕಟ್ಟೆಯ ಮೇಲೆ ಸದರಿ ಕಳ್ಳನ ದೊಡ್ಡ ಪ್ರತಿಮೆಯನ್ನು ನಿಲ್ಲಿಸತಕ್ಕದ್ದು. ಮೇಯರ್ ಕೊಟ್ಟ ಮಾತಿನಂತೆ, ಕಟ್ಟೆಯ ಮೇಲೆ ಹೆಸರು ಹಾಕತಕ್ಕದ್ದು.

ಮಂಗಳವಾರ ಬೆಳಗ್ಗೆ ಗ್ಲೆನಿಸ್ ದಾಟಿನ ನಟ್ಟನಡುವೆ ನಿಂತು ಕೋಲು ಎತ್ತಿದಳು. ಮಕ್ಕಳು ದಾಟಿದರು. ಕೋಲು ಇಳಿಯಲಿಲ್ಲ.

"ಡೆಸ್ ಕಳ್ಳ ಅಲ್ಲ ಅಂತ ಬಾಯಿಬಿಟ್ಟು ಹೇಳೋವರೆಗೂ ಇಳಿಸಲ್ಲ," ಎಂದು ಸಾರಿದಳು. ಕಾನೂನು ಕಾನೂನೇ. ಹೆದ್ದಾರಿ ನಿಂತಿತು. ಕಬ್ಬಿನ ಲಾರಿ, ಕುರಿ ಲಾರಿ, ಪ್ರವಾಸಿ ಬಸ್ಸು, ಹೆಣದ ಗಾಡಿ, ಎಲ್ಲ ಸಾಲಾಗಿ ನಿಂತವು. ಮಧ್ಯಾಹ್ನದ ಹೊತ್ತಿಗೆ ಸಾಲು ದೊಡ್ಡ ಈರುಳ್ಳಿಯನ್ನು ಮುಟ್ಟಿದೆಯೆಂದು ರೇಡಿಯೋ ಹೇಳಿತು. ಪುರಸಭೆ ತಕ್ಷಣ ಪ್ರಕಟಣೆ ಹೊರಡಿಸಿ, ಇದು ಈ ಖಂಡದ ಅತಿ ದೊಡ್ಡ ಸರತಿ, ಪ್ರವೇಶ ಉಚಿತ ಎಂದು ಸಾರಿತು. ಸರತಿ ನೋಡಲು ಬಂದವರು ಸರತಿಯ ಹಿಂದೆ ನಿಂತರು. ಥುಯ್ ಬುಟ್ಟಿ ಹೊತ್ತು ಖಾಲಿ ಪೈ ಮಾರಿದಳು. ಮಾರಿ ಬಂದು, ಕಣ್ತುಂಬಿಕೊಂಡು ಗ್ಲೆನಿಸ್‌ನ ಪಕ್ಕ ನಿಂತಳು.

"ಅಕ್ಕಾ, ಕೈ ನೋಯಲ್ವಾ? ಕೋಲು ನನಗೆ ಕೊಡಿ, ಒಂಚೂರು ಕೂತ್ಕೊಳ್ಳಿ."

"ನೀನು ಯಾರ ಕಡೆ ಥುಯ್?"

"ನಿಮ್ಮ ಕಡೆನೇ ಅಕ್ಕಾ. ಅಂಗಡಿ ಮಾತ್ರ ಅವರ ಕಡೆ."

ಗ್ಲೆನಿಸ್‌ಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆದರೂ ಕೋಲು ಕೊಡಲಿಲ್ಲ. ಎರಡೂ ಕೈ ಕೊಟ್ಟು ಬಿಗಿಯಾಗಿ ಹಿಡಿದುಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ನೋಯೆಲ್ ಬಂದ. ಮರ್ವ್ ಅವನ ಹಿಂದೆ ಒಂದು ತಳ್ಳುಗಾಡಿಯಲ್ಲಿ ಏನನ್ನೋ ತಂದ. ಬಟ್ಟೆ ಸರಿಸಿದರೆ, ಜೇಡಿಮಣ್ಣಿನ ತಲೆ. ಪ್ರತಿಮೆಯ ಮಾದರಿ.

"ನಾನು ಜಗಳಕ್ಕೆ ಬಂದಿಲ್ಲ ಗ್ಲೆನ್. ಮನೆಯವರ ಒಪ್ಪಿಗೆ ಇಲ್ದೆ ಮುಖ ಮಾಡಬಾರದು ಅಂತ ನಿಯಮ. ಒಂದ್ಸಲ ನೋಡ್ಬಿಡು."

ಗ್ಲೆನಿಸ್ ನೋಡಬಾರದೆಂದುಕೊಂಡಳು. ನೋಡಿದಳು. ಕೆನ್ನೆಯ ಗುಳಿ ಇತ್ತು. ಗಡ್ಡದ ಬಳಿಯ ಗಾಯದ ಗೆರೆ ಕೂಡ ಇತ್ತು. ಇಷ್ಟು ವರ್ಷಗಳಲ್ಲಿ ಅವಳು ಆ ಮುಖವನ್ನು ಫೋಟೋದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ.

"ಇದು ಯಾರ ಮೂಗು?" ಎಂದಳು.

"ಡೆಸ್‌ದು."

"ಇದು ನಿನ್ನ ಮೂಗು ನೋಯೆಲ್! ಬದನೆಕಾಯಿ ಹಾಗಿದೆ. ಡೆಸ್ ಮೂಗು ಇಷ್ಟು ಊದಿತ್ತಾ? ಇಲ್ಲಿ ಸ್ವಲ್ಪ ಸೊಟ್ಟ ಬರ್ಬೇಕು. ಇಲ್ಲಲ್ಲ ಮರ್ವ್, ಇಲ್ಲಿ, ಇಲ್ಲಿ ಒತ್ತು... ಅಯ್ಯೋ, ಬಿಡು ನೀನು!"

ಎರಡು ಕೈ ಬೇಕಾದ ಕೆಲಸ ಅದು. ಗ್ಲೆನಿಸ್ ಕೋಲನ್ನು ಕೆಳಗಿಟ್ಟು, ಮಣ್ಣಿನ ಮೂಗನ್ನು ಎರಡು ಹೆಬ್ಬೆರಳ ನಡುವೆ ಹಿಡಿದಳು. ಹಿಂದೆ ಲಾರಿಗಳು ಒಂದೊಂದಾಗಿ ಇಂಜಿನ್ ಎಬ್ಬಿಸಿ, ಅವಳ ಎರಡೂ ಬದಿಯಲ್ಲಿ ಸಾಗತೊಡಗಿದವು. ಅವಳಿಗೆ ಕೇಳಿಸಿತು. ಮೂಗು ಇನ್ನೂ ಸರಿಯಾಗಿರಲಿಲ್ಲವಾದ್ದರಿಂದ ಅವಳು ತಿರುಗಿ ನೋಡಲಿಲ್ಲ.

ಪ್ರತಿಮೆ ಕೆಲವೇ ತಿಂಗಳಲ್ಲಿ ಎದ್ದಿತು. ನೀರಿನ ಟ್ಯಾಂಕಿನಷ್ಟು ಎತ್ತರ. ಗ್ಲೆನಿಸ್‌ನ ಹಟಕ್ಕೆ ಎಡಗೈಯ ಬೆರಳನ್ನು ಅರ್ಧಕ್ಕೆ ಕೊಯ್ಯಲಾಯಿತು. ಕಿತ್ತಳೆ ಬಣ್ಣದ ಕುಂಬಳಕಾಯಿ ಯಾರದೂ ಅಲ್ಲದ್ದರಿಂದ ಅದಕ್ಕೆ 'ಅಧಿಕೃತ ನಕಲು' ಎಂದು ಪ್ರಮಾಣಪತ್ರ ಕೊಟ್ಟು, ಪ್ರತಿಮೆಯ ಹೆಗಲ ಮೇಲೆ ಕೂರಿಸಿದರು. ಡೆಸ್ ಅದನ್ನು ಹೊತ್ತು, ಹೆದ್ದಾರಿಯ ಕಡೆ ಒಂದು ಹೆಜ್ಜೆ ಮುಂದಿಟ್ಟು, ಸಂಕೋಚದಿಂದ ನಗುತ್ತಿದ್ದ.

ಅನಾವರಣದ ದಿನ ಬ್ಯಾಂಡು ಬಾರಿಸಿತು. ಪುರಸಭೆಯ ಸದಸ್ಯರೆಲ್ಲ ವೇದಿಕೆಯ ಮೇಲೆ ಸಾಲಾಗಿ ಕೂತಿದ್ದರು. ನೋಯೆಲ್ ಮೈಕಿನ ಮುಂದೆ ನಿಂತು ದೊಡ್ಡ ದನಿಯಲ್ಲಿ ಆರಂಭಿಸಿದ: "ಮಹಾಜನರೇ, ಕುಂಬಳಕಾಯಿ ಕಳ್ಳ..."

ಮರ್ವ್‌ನ ಕೈ ತಾನಾಗಿ ಹೆಗಲಿಗೆ ಹೋಗಿ, ಇಲ್ಲದ ಧೂಳನ್ನು ಒಮ್ಮೆ ಕೊಡವಿತು. ಅವನ ಪಕ್ಕದ ಸದಸ್ಯರೂ ಕೊಡವಿಕೊಂಡರು. ಅವರ ಪಕ್ಕದವರು, ಅವರ ಪಕ್ಕದವರು, ಹೀಗೆ ಸಾಲಿನ ಕೊನೆಯವರೆಗೂ ಹೋಯಿತು. ನೋಯೆಲ್ ಭಾಷಣದ ಹಾಳೆಯನ್ನು ಬಲಗೈಗೆ ದಾಟಿಸಿ, ಎಡಗೈಯಿಂದ ಹೆಗಲು ಸವರಿಕೊಂಡು, ಮುಂದಿನ ವಾಕ್ಯಕ್ಕೆ ಹೋದ. ಮುಂದಿನ ಸಾಲಿನಲ್ಲಿ ಕೂತಿದ್ದ ಗ್ಲೆನಿಸ್ ಎಲ್ಲವನ್ನೂ ಕಂಡಳು. ಪತ್ತೇದಾರಿಣಿಗೆ ಅಷ್ಟು ಸಾಕಿತ್ತು. ಆದರೆ ಪ್ರಕರಣ ಆಗಲೇ ಮುಕ್ತಾಯವಾಗಿತ್ತು. ಮುಕ್ತಾಯವಾದ ಪ್ರಕರಣಕ್ಕೆ ಹೊಸ ಪುರಾವೆ ಸ್ವೀಕರಿಸಲು ನಿಯಮದಲ್ಲಿ ಅವಕಾಶವಿಲ್ಲ. ಅವಳು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು.

ಈಗ ಭಾನುವಾರಗಳಂದು ಗ್ಲೆನಿಸ್ ಏಣಿ, ಬಕೆಟ್ಟು ತಂದು ಪ್ರತಿಮೆಯ ಮೇಲಿನ ಹಕ್ಕಿ ಹಿಕ್ಕೆ ತೊಳೆಯುತ್ತಾಳೆ. ಮೊನ್ನೆ ಒಂದು ಕುಟುಂಬ ಕಾರು ನಿಲ್ಲಿಸಿತು. ತಾಯಿ ತಲೆಯೆತ್ತಿ, ಕಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿದ್ದ 'ಡೆಸ್ಮಂಡ್ ಆರ್ಥರ್ ಪ್ರಾಕ್ಟರ್, ಕುಂಬಳಕಾಯಿ ಕಳ್ಳ' ಎಂಬುದನ್ನು ಓದಿಕೊಂಡಳು.

"ನಿಮಗೆ ಇವರು ಗೊತ್ತಿತ್ತಾ?"

"ನಮ್ಮನೆಯವರು," ಎಂದಳು ಗ್ಲೆನಿಸ್ ಏಣಿಯ ಮೇಲಿಂದ.

"ಅಯ್ಯೋ, ಕ್ಷಮಿಸಿ. ಮುಖ ನೋಡಿದ್ರೆ ಕಳ್ಳನ ಹಾಗೆ ಕಾಣ್ಸಲ್ಲ."

"ಮೊದಲು ಕಾಣ್ಸ್ತಿದ್ರು," ಎಂದಳು ಗ್ಲೆನಿಸ್, ಬಟ್ಟೆ ಹಿಂಡುತ್ತ. "ಮೂಗು ಸರಿ ಇರ್ಲಿಲ್ಲ. ಆಮೇಲೆ ನಾನೇ ನಿಂತು ಸರಿ ಮಾಡಿಸ್ದೆ."